ಪಾಷಾಸಾಬ್ರು ಕುಣಿಗಲ್ಲಿನಲ್ಲಿ ಕಾಫಿ ಕುಡಿದದ್ದು

ತುಮಕೂರಿನ ಶಿರಾ ಗೇಟಿನಲ್ಲಿ ಟಿಂಕರಿಂಗ್ ಶೆಡ್ ಇಟ್ಟಿದ್ದ ಖುರ್ಷಿದ್ ಪಾಷಾ ಅವರಿಗೆ ಎಡಗಿವಿ ಕೇಳಿಸ್ತಿರಲಿಲ್ಲ. ಚಿಕ್ಕ ವಯಸ್ಸಿಗೇ ಲಾರಿ ಬಾಡಿ ಕಟ್ಟೋರ ಹತ್ರ ಕೆಲಸಕ್ಕೆ ಸೇರಿ, ಬೆಳಗ್ಗಿಂದ ಸಂಜೆವರೆಗೂ ತಗಡು ಬಡಿದೂ ಬಡಿದೂ ಆ ಕಿವಿ ಹೋಗಿತ್ತು. ಉಳಿದ ಬಲಗಿವಿ ಒಂದನ್ನೇ ಇಟ್ಕೊಂಡು ಗುಬ್ಬಿ, ನಿಟ್ಟೂರು, ಹಾಗಲವಾಡಿ ಕಡೆಯ ಎಷ್ಟೋ ಮನೆಗಳಿಗೆ ಅವರು ಹಳೇ ಗಾಡಿ ಆರಿಸಿಕೊಟ್ಟರು. ಹೆಣ್ಣು ನೋಡೋಕೆ ಸೋದರಮಾವ ಇಲ್ಲದೇ ಹೋದ್ರೂ ನಡೆಯುತ್ತೆ, ಗಾಡಿ ನೋಡೋಕೆ ಪಾಷಾಸಾಬ್ರು ಇರಲೇಬೇಕು ಅಂತ ನಮ್ಮ ಕಡೆ ಜನ ಆಡ್ಕೊಳ್ತಿದ್ರು.

ಅವರು ಇಂಜಿನ್ ಮುಟ್ತಿರಲಿಲ್ಲ. "ಇಂಜಿನ್ ನೋಡೋಕೆ ನೂರು ಜನ ಇದಾರೆ, ನಾನು ಮೈ ನೋಡೋನು" ಅಂತಿದ್ರು. ಬೆರಳ ಗೆಣ್ಣಿಂದ ಬಾಗಿಲು, ಬಾನೆಟ್ಟು, ಮಡ್‌ಗಾರ್ಡು ಒಂದೊಂದನ್ನೂ ತಟ್ಟಿ, ಬಲಗಿವಿ ತಗಡಿಗೆ ಒತ್ತಿ ಕೇಳೋರು. ಪೈಂಟಿನ ಕೆಳಗೆ ಪುಟ್ಟಿ ಮೆತ್ತಿ ಹಳೇ ಏಟು ಮುಚ್ಚಿದ್ರೆ ಸದ್ದೇ ಬೇರೆ ಬರುತ್ತಂತೆ. ಆಮೇಲೆ ಗಾಡಿ ಮುಂದಕ್ಕೆ ಬಿಡು ಅಂತ ಡ್ರೈವರಿಗೆ ಹೇಳಿ, ತಾವು ರಸ್ತೆ ಮಧ್ಯೆ ಕುಕ್ಕರಗಾಲಲ್ಲಿ ಕೂತು ಹಿಂದಿನಿಂದ ನೋಡೋರು. ಮುಂದಿನ ಚಕ್ರದ ಜಾಡಲ್ಲೇ ಹಿಂದಿನ ಚಕ್ರ ಹೋದರೆ ಸರಿ. ನಾಯಿ ಓಡಿದ ಹಾಗೆ ಗಾಡಿ ಓರೆಯಾಗಿ ಹೋದರೆ ಅದರ ಚಾಸಿ ಸೊಟ್ಟ ಆಗಿದೆ, ಅಂದರೆ ಇಡೀ ಗಾಡಿ ಹೊತ್ತಿರೋ ಕಬ್ಬಿಣದ ಚೌಕಟ್ಟೇ ಬಗ್ಗಿದೆ, ಯಾವತ್ತೋ ಎಲ್ಲೋ ಜೋರಾಗಿ ಗುದ್ದಿದೆ ಅಂತ ಅರ್ಥ. ಹಿಂದೆ ಬಸ್ಸು ಹಾರ್ನ್ ಹೊಡೀತಿದ್ರೂ ಅವರು ಏಳ್ತಿರಲಿಲ್ಲ. ಒಂದು ಕಿವಿ ಇಲ್ಲದೇ ಇರೋದು ಅದಕ್ಕೂ ಅನುಕೂಲ ಆಯ್ತು ಅನ್ನಿ.

ಇನ್ನೊಂದು ನೇಮ ಇತ್ತು. ಗಾಡಿ ಮಾರೋರ ಮನೇಲಿ ಅವರು ಒಂದು ಲೋಟ ನೀರೂ ಕುಡೀತಿರಲಿಲ್ಲ. ಅದು ಅವರ ತಾಯಿ ಮಸ್ತಾನ್ ಬೀ ಹೇಳಿಕೊಟ್ಟಿದ್ದು. ಒಂದು ಮನೇಲಿ ಏನಾದ್ರೂ ಬಾಯಿಗೆ ಹಾಕ್ಕೊಂಡ ಮೇಲೆ ಆ ಮನೆಯ ವಸ್ತುಗೆ ಐಬು ಹೇಳಬಾರದು ಅಂತ. ನಮ್ಮಲ್ಲೂ ಉಂಡ ಮನೆಗೆ ಎರಡು ಬಗೀಬೇಡ ಅಂತಾರಲ್ಲ, ಅದೇ. ನಾವು ಬಾಯಲ್ಲಿ ಅಂತೀವಿ, ಅವರು ನಡೆಸ್ತಿದ್ರು. ಶಿರಾ ಗೇಟಿನ ಬ್ರೋಕರುಗಳಿಗೆಲ್ಲ ಇದು ಗೊತ್ತಿತ್ತು. ಗಾಡಿ ವ್ಯವಹಾರ ಅಂದ್ರೇನು ಅಂತಲೇ ಅರಿಯದ ನನಗೆ ಗೊತ್ತಿರಲಿಲ್ಲ.

ನಾನು ಗುಬ್ಬಿ ಸರ್ಕಾರಿ ಆಸ್ಪತ್ರೆ ನರ್ಸು. ಊರವರ ಬಾಯಲ್ಲಿ ಸಿಸ್ಟರಮ್ಮ. ಪಾಷಾಸಾಬ್ರ ಶೆಡ್ಡು ತುಮಕೂರಲ್ಲಿದ್ರೂ ಮನೆ ಗುಬ್ಬೀಲೇ. ಅವರಪ್ಪ ಸಂತೇಲಿ ತಗಡಿನ ಟ್ರಂಕು ಮಾಡಿ ಮಾರ್ತಿದ್ದೋರು. ಎರಡು ಸಾವಿರನೇ ಇಸವೀಲಿ ಮನೆ ಮನೆಗೆ ಪೋಲಿಯೋ ಹನಿ ಹಾಕೋಕೆ ಹೋದಾಗ ಅವರ ಮಗಳು ನಿಶಾತ್ ಬಾಯಿ ಬಿಡದೆ ಹಟ ಮಾಡಿತು. ನಾನು ಗದರಿದೆ, ಮಗು ಅತ್ತಿತು, ಒಳಗಿಂದ ಈ ಮನುಷ್ಯ ಬಂದು ಮಗುವನ್ನ ತೊಡೆ ಮೇಲೆ ಕೂರಿಸ್ಕೊಂಡು ಮೊದಲು ತನ್ನ ಬಾಯಿ ಆ ಅಂತ ತೆರೆದ್ರು. ಮಗುವೂ ತೆರೀತು. ಅವತ್ತಿಂದ ಎಲ್ಲಿ ಕಂಡರೂ ಒಂದು ನಮಸ್ಕಾರ, ಎರಡು ಮಾತು. ಮೂರನೇ ಮಾತು ಆಡೋ ಜಾಯಮಾನ ಅವರದ್ದಲ್ಲ. ಅದನ್ನೂ ಸೇರಿಸಿ ನಾನೇ ಆಡ್ತಿದ್ದೆ.

ನನ್ನ ಮಗಳು ಕೃತಿಕಾ ಹುಟ್ಟಿದಾಗಿನಿಂದ ಅವಳ ಕಾಲಲ್ಲಿ ಶಕ್ತಿ ಇಲ್ಲ. ಬೆನ್ನುಹುರಿ ತೊಂದರೆ. ಎಷ್ಟು ಆಸ್ಪತ್ರೆ, ಎಷ್ಟು ದೇವರು ಅಂತ ಹೇಳ್ತಾ ಕೂತ್ರೆ ಅವಳೇ ಬೈತಾಳೆ, "ಅಮ್ಮ, ನಿಲ್ಲಿಸು" ಅಂತ. ಹೈಸ್ಕೂಲು ನಮ್ಮ ಮನೆ ಹಿಂದಿನ ಬೀದೀಲೇ ಇತ್ತು, ವೀಲ್‌ಚೇರಲ್ಲಿ ಹೋಗಿ ಬರ್ತಿದ್ಲು. ಎರಡು ಸಾವಿರದ ಆರನೇ ಇಸವೀಲಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಲ್ಲಿ ಪಾಸಾದ್ಲು. ಸೈನ್ಸ್ ಓದಬೇಕು, ಅದೂ ತುಮಕೂರಲ್ಲೇ ಅಂದ್ಲು. ಗುಬ್ಬಿಯಿಂದ ದಿನಾ ಬಸ್ಸಲ್ಲಿ ಹೋಗಿ ಬರಬೇಕು. ನಮ್ಮ ಮನೆಯವರು ದಯಾನಂದ, ಕೆಇಬೀಲಿ ಮೀಟರ್ ರೀಡರು, ನಾನೇ ಎತ್ಕೊಂಡು ಹತ್ತಿಸ್ತೀನಿ ಬುಡು ಅಂದ್ರು. ಅವಳು ತಟ್ಟೆ ಮುಂದೆ ಕೂತಿದ್ದೋಳು ಊಟ ಬಿಟ್ಲು.

"ಅಪ್ಪ ಎತ್ಕೊಂಡು ಬಸ್ಸು ಹತ್ತಿಸೋದಾದ್ರೆ ನಾನು ಕಾಲೇಜಿಗೇ ಹೋಗಲ್ಲ. ನಾನೇನು ತೆಂಗಿನಕಾಯಿ ಮೂಟೆನಾ? ಕಾರಾದ್ರೂ ಅಷ್ಟೇ. ಆ ಹುಡುಗರ ಮುಂದೆ ನನ್ನನ್ನ ಯಾರೂ ಎತ್ತಬಾರದು. ನಾನೇ ಹತ್ತಬೇಕು, ನಾನೇ ಇಳೀಬೇಕು. ಆಗಲ್ಲ ಅಂದ್ರೆ ಮನೇಲಿರ್ತೀನಿ."

ಅವಳು ಸುಮ್ಮನೆ ಹೇಳೋಳಲ್ಲ. ನನ್ನ ಹೊಟ್ಟೇಲಿ ಹುಟ್ಟಿದ್ದಲ್ವಾ, ಹಟ ಎಲ್ಲಿಗೆ ಹೋಗುತ್ತೆ. ಹೀಗಾಗಿ ನಮ್ಮಂಥೋರಿಗೆ ಗಾಡಿ ತಗೊಳ್ಳೋ ಯೋಚನೆ ಬಂತು.

ಕೃತಿಕಾ ವೀಲ್‌ಚೇರಿನ ಸೀಟಿನ ಎತ್ತರವನ್ನ ಟೇಪಲ್ಲಿ ಅಳೆದು ಕೈ ಮೇಲೆ ಪೆನ್ನಲ್ಲಿ ಬರ್ಕೊಂಡ್ಲು. ಗಾಡಿ ಸೀಟು ಅಷ್ಟೇ ಎತ್ತರ ಇದ್ದರೆ ಕೈಯೂರಿ ಪಕ್ಕಕ್ಕೆ ಜರುಗಬಹುದು. ಕಾರುಗಳೆಲ್ಲ ತಗ್ಗು, ಒಳಗೆ ಜಾರಬಹುದು, ಮೇಲೆ ಬರೋಕೆ ಆಗಲ್ಲ. ಸುಮೋ, ಕ್ವಾಲಿಸ್ಸು ಮದುವೆ ದಿಬ್ಬಣಕ್ಕೆ ಸರಿ, ನಮ್ಮ ಮೂರು ಜನಕ್ಕೆ ಅಷ್ಟುದ್ದ ಯಾಕೆ, ನಮ್ಮ ಬೀದೀಲಿ ತಿರುಗೋದೂ ಇಲ್ಲ. ಜೀಪಿನ ಜಾತೀದೇ, ಆದರೆ ಚಿಕ್ಕದು, ಮನೆ ಮಂದಿ ಐದು ಜನ ಕೂರೋ ಅಂಥದ್ದು, ಹಿಂದೆ ವೀಲ್‌ಚೇರು ಮಡಚಿ ಇಡೋಕೆ ಜಾಗ ಇರಬೇಕು. ಅಂಥ ಗಾಡಿ ಆಗ ಬರ್ತಿದ್ದದ್ದೇ ಬೆರಳೆಣಿಕೆ.

ದಯಾನಂದ ಅವರಿಗೆ ಹೊಸದೇ ಬೇಕಿತ್ತು. ಬೇರೆಯವರ ಪಾಪ ನಮಗ್ಯಾಕೆ ಅನ್ನೋರು. ತುಮಕೂರಿನ ಒಂದು ಷೋರೂಮಿಗೆ ಹೋದ್ವಿ. ಸೇಲ್ಸ್ ಹುಡುಗ ಕೃತಿಕಾ ತಲೆ ಮೇಲಿಂದ ದಯಾನಂದ ಅವರ ಹತ್ರ ಮ್ಯೂಸಿಕ್ ಸಿಸ್ಟಮ್ಮು, ಪವರ್ ವಿಂಡೋ ಅಂತ ಮಾತಾಡ್ತಾನೇ ಇದ್ದ. ಇವಳು ಟೇಪು ಹಿಡಿದು ಅಳೆದ್ಲು. ನಾಲ್ಕು ಬೆರಳು ಜಾಸ್ತಿ ಎತ್ತರ. ಸೀಟು ಇಳಿಸಿಕೊಡ್ತೀರಾ ಅಂತ ಕೇಳಿದ್ಲು. ಹೊಸ ಗಾಡಿಗೆ ಕೈ ಹಾಕಿದ್ರೆ ವಾರಂಟಿ ಹೋಗುತ್ತೆ ಅಂದ. ಅದನ್ನೂ ಅವನು ಹೇಳಿದ್ದು ಅವಳಿಗಲ್ಲ, ಅವರಪ್ಪನಿಗೆ. "ಕೇಳಿದ್ದು ಅವಳು ಕಣಪ್ಪ, ಅವಳಿಗೆ ಹೇಳು" ಅಂತ ಬೈದು ಹೊರಗೆ ಬಂದೆ. ಬೈದಿದ್ದಕ್ಕೆ ಸೀಟೇನೂ ತಗ್ಗಲಿಲ್ಲ.

ಆಗ ನೆನಪಾದ್ದು ಪಾಷಾಸಾಬ್ರು. ಶೆಡ್ಡಿಗೆ ಹೋಗಿ ಎಲ್ಲ ಹೇಳಿದೆ. ಅವರು ನನ್ನ ಮಾತು ಅರ್ಧ ಕೇಳಿ, ಕೃತಿಕಾ ಮುಂದೆ ನೆಲದ ಮೇಲೆ ಕೂತು, "ನೀನು ಹೇಳಮ್ಮ, ಯಾವ ಕೈಗೆ ಬಲ ಜಾಸ್ತಿ?" ಅಂತ ಕೇಳಿದ್ರು. ಅಷ್ಟು ವರ್ಷದಲ್ಲಿ ಡಾಕ್ಟರುಗಳೂ ಆ ಪ್ರಶ್ನೆ ಕೇಳಿರಲಿಲ್ಲ. ಎಡಗೈಗೆ ಅಂದ್ಲು. "ಹಾಗಾದ್ರೆ ಹಳೇದು ತಗೊಳ್ಳಿ ಸಿಸ್ಟರಮ್ಮ. ಹಳೇದಾದ್ರೆ ನಾನು ಕೊಯ್ಯಬಹುದು, ಬೆಸೀಬಹುದು, ಕೇಳೋರಿಲ್ಲ" ಅಂದ್ರು.

ತುಮಕೂರಲ್ಲೇ ಮೂರು ಗಾಡಿ ನೋಡಿದ್ವಿ. ಒಂದರ ಬಾಗಿಲು ತಟ್ಟಿ ಬೇಡ ಅಂದ್ರು. ಇನ್ನೊಂದು ಓರೆಯಾಗಿ ಓಡ್ತು. ಮೂರನೇದು ನನಗೆ ಬಹಳ ಹಿಡಿಸಿತ್ತು, ಕೆಂಪು ಬಣ್ಣ, ಕನ್ನಡಿ ಥರ ಅದರಲ್ಲಿ ಮುಖ ನೋಡ್ಕೋಬಹುದಿತ್ತು. ಅದಕ್ಕೂ ತಲೆ ಆಡಿಸಿಬಿಟ್ರು. ಇವರ ಜೊತೆ ಹೋದ್ರೆ ಮಗು ಡಿಗ್ರಿ ಮುಗಿಸೋ ಹೊತ್ತಿಗೆ ಗಾಡಿ ಬರುತ್ತೆ ಅಂತ ದಯಾನಂದ ಅವರ ಹತ್ರ ಗೊಣಗಿದೆ. ಮೇ ತಿಂಗಳು ಅರ್ಧ ಕಳೆದಿತ್ತು. ಜೂನ್ ಮಧ್ಯಕ್ಕೆ ಕಾಲೇಜು ಶುರು.

ಅಷ್ಟರಲ್ಲಿ ಕುಣಿಗಲ್ಲಿನಲ್ಲಿ ಒಂದು ಗಾಡಿ ಇದೆ ಅಂತ ಗೊತ್ತಾಯ್ತು. ರಿಟೈರ್ಡ್ ಹೆಡ್‌ಮಾಸ್ಟರ್ ವೆಂಕಟರಂಗಯ್ಯ ಅವರದ್ದು. ಕಣ್ಣು ಮಂಜಾಗಿ ಓಡಿಸೋಕೆ ಆಗ್ತಿಲ್ಲ ಅಂತ ಮಾರ್ತಿದ್ರು. ನಮ್ಮ ಬೀದಿಯ ಕರಿಸಿದ್ದಪ್ಪನ ಓಮ್ನಿ ಬಾಡಿಗೆ ಹಿಡಿದು ನಾವು ಮೂವರೂ ಪಾಷಾಸಾಬ್ರೂ ಹೋದ್ವಿ. ದೊಡ್ಡಕೆರೆ ಕಡೆಗೆ ಮನೆ. ಅಂಗಳದಲ್ಲಿ ಬೂದು ಬಣ್ಣದ ಗಾಡಿ ನಿಂತಿತ್ತು. ಕೃತಿಕಾ ಒಳಗೆ ಹೋಗೋಕೂ ಕಾಯದೆ ಟೇಪು ತೆಗೆದ್ಲು. ಸೀಟು ಅವಳ ಕುರ್ಚಿಗೆ ಸರಿಸಮ, ಒಂದು ದಾರದಷ್ಟೂ ಹೆಚ್ಚು ಕಮ್ಮಿ ಇಲ್ಲ. ಬಾಗಿಲು ಪಕ್ಕ ಕುರ್ಚಿ ನಿಲ್ಲಿಸಿ, ಎಡಗೈ ಸೀಟಿನ ಮೇಲೆ ಊರಿ, ಮೈ ಎತ್ತಿದ್ಲು. ಅರ್ಧ ಹೋದ್ಲು. ಮಧ್ಯದ ಸಂದಿ ಜಾಸ್ತಿ ಇತ್ತು, ಹಿಡ್ಕೊಳ್ಳೋಕೆ ಏನೂ ಇರಲಿಲ್ಲ, ಜಾರಿದ್ಲು. ನಾನೂ ಅವರಪ್ಪನೂ ಒಟ್ಟಿಗೆ ಹಿಡ್ಕೊಂಡ್ವಿ. ಅವಳು ನಗ್ತಿದ್ಲು. ಆ ಮುಖ ನಾನು ಅವತ್ತಿನವರೆಗೂ ನೋಡಿರಲಿಲ್ಲ.

ಅಷ್ಟೊತ್ತಿಗೆ ಮನೆಯಾಕೆ ರೇವಮ್ಮ ಕಾಫಿ ತಂದ್ರು. ಎಪ್ಪತ್ತು ದಾಟಿದ ಮುದುಕಿ, ತಟ್ಟೇಲಿ ಐದು ಸ್ಟೀಲ್ ಲೋಟ. ಮೊದಲು ಪಾಷಾಸಾಬ್ರ ಮುಂದೇ ಹಿಡಿದ್ರು. ಅವರು ಬೇಡಮ್ಮ, ಆಮೇಲೆ ಅಂದ್ರು. ರೇವಮ್ಮನ ಮುಖ ಸಣ್ಣಗಾಯ್ತು. "ಒಂದೇ ಥರದ ಲೋಟ ಕಣಪ್ಪ. ನಮ್ಮತ್ತೆ ಕಾಲದಲ್ಲಿ ನಿಮ್ಮೋರಿಗೆ ಬೇರೆ ಇಡ್ತಿದ್ರು, ಹೌದು. ನಾನು ಹಂಗೆ ಮಾಡಲ್ಲ, ಕುಡಿ" ಅಂದ್ರು. ಅವರು ಮತ್ತೆ ಬೇಡ ಅಂದ್ರು. ಮುದುಕಿ ತಟ್ಟೆ ಹಿಂದಕ್ಕೆ ತಗೊಳ್ಳಲಿಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಏನ್ರೀ ಪಾಷಾಸಾಬ್ರೇ, ದೊಡ್ಡೋರು ಅಷ್ಟು ಹೇಳ್ತಿದಾರೆ. ಅವರ ಮನಸ್ಸು ನೋಯಿಸಿ ನೀವೇನು ಗಂಟು ಕಟ್ಕೋತೀರ? ಕುಡೀರಿ ಸುಮ್ನೆ" ಅಂತ ನಾನೇ ತಟ್ಟೆಯಿಂದ ಲೋಟ ತೆಗೆದು ಅವರ ಕೈಗೆ ಕೊಟ್ಟೆ. ಅವರು ನನ್ನ ಮುಖ ನೋಡಿದ್ರು, ಮುದುಕಿ ಮುಖ ನೋಡಿದ್ರು. ಎರಡೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ರು. ರೇವಮ್ಮ ಗೆಲುವಾದ್ರು. ಒಳ್ಳೇ ಕೆಲಸ ಮಾಡಿದೆ ಅಂತ ನಾನೂ ಬೀಗಿದೆ.

ಆಮೇಲೆ ಅವರು ಗಾಡಿ ತಟ್ಟಿದ್ರು. ಇಲಾಖೆ ಜೀಪಲ್ಲಿ ಡ್ರೈವಿಂಗ್ ಕಲಿತಿದ್ದ ದಯಾನಂದ ಅವರು ಗಾಡಿ ರಸ್ತೆಗೆ ಬಿಟ್ಟರು, ಇವರು ಹಿಂದೆ ಕುಕ್ಕರಗಾಲಲ್ಲಿ ಕೂತ್ರು. ಗಾಡಿ ಕೆರೆ ಏರಿ ಕಡೆ ತಿರುಗಿ ಮರೆಯಾದ್ಮೇಲೂ ಸುಮಾರು ಹೊತ್ತು ಕೂತೇ ಇದ್ರು. ಎದ್ದು ಬಂದ್ಮೇಲೆ ಹೇಗಿದೆ ಅಂತ ಕೇಳಿದೆ. "ಮಗುಗೆ ಹಿಡಿಸಿದೆಯಲ್ಲ" ಅಂದ್ರು. ಬೇಡ ಅನ್ನೋ ಮನುಷ್ಯ ಬೇಡ ಅನ್ನಲಿಲ್ಲ ಅಂದ್ರೆ ಹೂಂ ಅಂತಲೇ ಅಲ್ವಾ. ನಾವು ಅವತ್ತೇ ಮಾತು ಮುಗಿಸಿದ್ವಿ. ವಾಪಸ್ ಬರೋವಾಗ ಓಮ್ನೀಲಿ ಕೃತಿಕಾ ಬಾಯಿ ಮುಚ್ಚಲಿಲ್ಲ, ಪಾಷಾಸಾಬ್ರು ಬಾಯಿ ಬಿಡಲಿಲ್ಲ. ಇಳಿಯೋವಾಗ ಮಾತ್ರ, "ಗಾಡಿ ನೇರ ನನ್ನ ಶೆಡ್ಡಿಗೆ ಬರಲಿ. ಹತ್ತು ದಿನ ಬೇಕು. ಅಲ್ಲೀವರೆಗೆ ಮಗುನ ಅದರಲ್ಲಿ ಕೂರಿಸಬೇಡಿ" ಅಂದ್ರು. ಹಿಡಿಕೆ ಹಾಕೋಕೆ, ಸಂದಿ ಮುಚ್ಚೋಕೆ ಅಂತ ತಿಳ್ಕೊಂಡ್ವಿ.

ಹತ್ತು ದಿನ ಹದಿನೈದಾಯ್ತು, ಹದಿನೈದು ಇಪ್ಪತ್ತೈದಾಯ್ತು. ಕಾಲೇಜು ಶುರುವಾಯ್ತು. ಫೋನ್ ಮಾಡಿದ್ರೆ ಅವರ ಮಗ ಶಾಬಾಜ್ ಎತ್ಕೊಂಡು, "ಅಬ್ಬಾ ಗಾಡಿ ಕೆಳಗಿದಾರೆ ಮೇಡಂ" ಅಂತಿದ್ದ. ಒಂದು ದಿನ, ಎರಡು ದಿನ, ಒಂಬತ್ತು ದಿನದ ಪಾಠ ಹೋಯ್ತು. ಕೃತಿಕಾ ಕೇಳೋದನ್ನೇ ನಿಲ್ಲಿಸಿದ್ಲು. ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಜೋಡಿಸಿದ್ದೋಳು ಅದನ್ನೆಲ್ಲ ತೆಗೆದು ಬೀರುವಿಗೆ ತುಂಬಿದ್ಲು.

ಹತ್ತನೇ ದಿನ ಬೆಳಗ್ಗೆ ಡ್ಯೂಟಿಗೆ ರಜ ಹಾಕಿ ಮತ್ತೆ ಓಮ್ನಿ ಹಿಡಿದು ಶಿರಾ ಗೇಟಿಗೆ ಹೊರಟೆ. ಕೃತಿಕಾ ತಾನೂ ಬರ್ತೀನಿ ಅಂದ್ಲು. ದಯಾನಂದ ಅವರು ಅವಳನ್ನ ಎತ್ತಿ ಕೂರಿಸಿದ್ರು, ಶೆಡ್ಡಿನ ಮುಂದೆ ಎತ್ತಿ ಇಳಿಸಿದ್ರು. ಗಾಡಿ ಒಳಗೆ ನಿಂತಿತ್ತು, ಬಾಗಿಲು ತೆರೆದಿತ್ತು, ಸೀಟಿನ ಪಕ್ಕ ಹೊಸ ಕಬ್ಬಿಣದ ಹಿಡಿಕೆ ಇತ್ತು. ಪಾಷಾಸಾಬ್ರು ಕೈ ಒರೆಸ್ಕೊಂಡು ಎದ್ದು ಬಂದ್ರು. "ಇವತ್ತೇ ಮುಗೀತು. ನಾನೇ ಹೇಳಿ ಕಳಿಸ್ಬೇಕು ಅಂತಿದ್ದೆ" ಅಂದ್ರು. ಕಣ್ಣು ಕೆಂಪಗಾಗಿತ್ತು, ಗಡ್ಡ ಬೆಳೆದಿತ್ತು.

ಅಷ್ಟರಲ್ಲಿ ಗೋಡೆಗೆ ಒರಗಿಸಿದ್ದ ಒಂದು ಕಬ್ಬಿಣ ನನ್ನ ಕಣ್ಣಿಗೆ ಬಿತ್ತು. ನನ್ನ ಎದೆಯುದ್ದ, ಮಧ್ಯೆ ಬಗ್ಗಿ, ಬಗ್ಗಿದ ಕಡೆ ಹಳೇ ಬೆಸುಗೆ ಬಿರುಕು ಬಿಟ್ಟಿತ್ತು. ಇದು ಯಾವ ಗಾಡೀದು ಅಂತ ಕೇಳಿದೆ.

ಅವರಿಗೆ ಸುಳ್ಳು ಹೇಳೋಕೆ ಬರಲ್ಲ. "ನಿಮ್ಮದೇ ಸಿಸ್ಟರಮ್ಮ. ಚಾಸಿ. ಆಮೇಲೆ ವಿಚಾರಿಸಿದೆ, ಕುಣಿಗಲ್ ಮೇಷ್ಟ್ರ ಅಳಿಯ ಎಲ್ಲೋ ಮೋರಿಗೆ ಗುದ್ದಿ, ಮೇಲೆ ಮೇಲೆ ಬೆಸೆಸಿ, ಸಣ್ಣ ಏಟು ಅಂತ ಹೇಳಿದಾನೆ. ಆ ಮುದುಕ ಮುದುಕಿಗೆ ಗೊತ್ತಿಲ್ಲ. ಬಾಡಿ ಪೂರ್ತಿ ಇಳಿಸಿ, ಆ ತುಂಡು ಕೊಯ್ದು, ಹೊಸದು ಕೂರಿಸಿದೀನಿ. ಅದಕ್ಕೇ ಇಷ್ಟು ದಿನ."

"ನಿಮಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು. ಕಾಫಿ ಕುಡಿದುಬಿಟ್ಟಿದ್ದೆ" ಅಂದ್ರು. ತಾಯಿ ಹೇಳಿಕೊಟ್ಟ ನೇಮವನ್ನ ನನಗೆ ಅವರು ಹೇಳಿದ್ದು ಆಗಲೇ, ತಲೆ ತಗ್ಗಿಸಿ, ನಾಲ್ಕು ಮಾತಲ್ಲಿ. ಈಗ ಗಾಡಿ ಆ ಮನೇದಲ್ಲ, ಐಬೂ ಉಳಿದಿಲ್ಲ, ಅದಕ್ಕೆ ಈಗ ಹೇಳಬಹುದು ಅಂದ್ರು. ಬೆಸುಗೆ ಕೆಲಸಕ್ಕೆ ಒಂದು ರೂಪಾಯೀನೂ ಬೇಡ, ಬಾಯಿ ಮುಚ್ಕೊಂಡಿದ್ದು ನಾನು ಅಂದ್ರು.

ಲೋಟ ಕೈಗೆ ತುರುಕಿದ್ದು ನಾನೇ. ಅದು ನನಗೆ ಚೆನ್ನಾಗಿ ನೆನಪಿತ್ತು. ತಪ್ಪು ನಮ್ಮದೇ ಆದಾಗ ಕೋಪ ಇನ್ನೂ ಜಾಸ್ತಿ ಬರುತ್ತೆ ನೋಡಿ. ಗಾಡಿಗೆ ಬೆನ್ನು ಮಾಡಿ, ಅವರ ಎದುರು ನಿಂತು ಶುರು ಮಾಡಿದೆ. "ನಿಮ್ಮ ನೇಮ ನನ್ನ ಮಗಳ ಜೀವಕ್ಕಿಂತ ದೊಡ್ಡದಾ? ಅವಳಿಗೆ ಓಡಿ ತಪ್ಪಿಸ್ಕೊಳ್ಳೋಕೆ ಕಾಲಿಲ್ಲ ಅಂತ ಗೊತ್ತಿಲ್ವಾ ನಿಮಗೆ? ಗುದ್ದಿ ಮುರಿದ ಗಾಡೀಲಿ ಅವಳನ್ನ ಕೂರಿಸಲ್ಲ ನಾನು. ಈ ಗಾಡಿ ನನಗೆ ಬೇಡ, ಕಾಲೇಜೂ ಬೇಡ, ಏನೂ ಬೇಡ."

ಯಾವತ್ತೂ ಎದುರು ಮಾತಾಡದ ಮನುಷ್ಯ ಅವತ್ತು ಮಾತಾಡಿದ್ರು. "ಮೂರು ಗಾಡಿ ಬೇಡ ಅಂದೆ ಸಿಸ್ಟರಮ್ಮ. ಇದನ್ನೂ ಯಾರ ಕೈಲಾದ್ರೂ ಬೇಡ ಅನ್ನಿಸಬಹುದಿತ್ತು. ಆದರೆ ಆ ಮಗು ಅರ್ಧ ಹತ್ತಿ ನಕ್ಕಿದ್ದು ನೋಡಿದೆ. ಚಾಸಿ ಸೊಟ್ಟ ಆದ್ರೆ ನಾನು ನೆಟ್ಟಗೆ ಮಾಡಬಲ್ಲೆ. ಆ ಮುಖ ಬಾಡಿದ್ರೆ ನನ್ನ ಹತ್ರ ಅದಕ್ಕೆ ಸುತ್ತಿಗೆ ಇಲ್ಲ."

"ನಿಮಗೆ ನಿಮ್ಮ ಕೆಲಸದ ಮೇಲೆ ಕೊಬ್ಬು."

"ಇದೆ. ನಲವತ್ತು ವರ್ಷದ ಕೆಲಸ. ಕೊಬ್ಬಿರುತ್ತೆ" ಅಂದ್ರು. ಅವರು ಮಾತಿಗೆ ಮಾತು ಬೆಳೆಸ್ತಿದಾರೆ ಅನ್ನಿಸ್ತು. ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ, ನನ್ನ ಭುಜದ ಮೇಲಿಂದ ಹಿಂದೆ ಎಲ್ಲೋ ಇತ್ತು. ಪಕ್ಕದಲ್ಲಿ ನಿಂತಿದ್ದ ದಯಾನಂದ ಅವರೂ ಅಲ್ಲೇ ನೋಡ್ತಿದ್ರು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಕೊಂಡಿದ್ರು. ನನ್ನ ಹಿಂದೆ ಕುರ್ಚಿಯ ಬ್ರೇಕು ಕಟ್ ಅಂತ ಬಿತ್ತು. ಕಬ್ಬಿಣದ ಹಿಡಿಕೆಗೆ ಬಳೆ ತಾಗಿದ ಸದ್ದು, ಆಮೇಲೆ ಅವಳ ಉಸಿರು. ನಾನು ತಿರುಗೋಕೆ ಹೋದೆ.

"ತಿರುಗಬೇಡಿ ಸಿಸ್ಟರಮ್ಮ" ಅಂದ್ರು ಪಾಷಾಸಾಬ್ರು, ಬಹಳ ಮೆಲ್ಲಗೆ. "ತಿರುಗಿದ್ರೆ ನೀವು ಕೈ ಕೊಟ್ಟುಬಿಡ್ತೀರ. ಬೈರಿ. ಇನ್ನೊಂದು ಸ್ವಲ್ಪ ಹೊತ್ತು ನನ್ನನ್ನ ಬೈರಿ."

ಹದಿನೈದು ವರ್ಷ ಅವಳನ್ನ ಹಿಡಿದ ಕೈ ನನ್ನದು. ಅದನ್ನ ಸೆರಗಲ್ಲಿ ಸುತ್ಕೊಂಡು ಬೈದೆ. ಏನು ಬೈದೆ ಅಂತ ನನಗೇ ಗೊತ್ತಿಲ್ಲ. ಅವರ ಗಡ್ಡ ಬೈದೆ, ಶೆಡ್ಡು ಬೈದೆ, ಕುಣಿಗಲ್ಲು ಬೈದೆ, ಕಣ್ಣಲ್ಲಿ ನೀರು ಸುರೀತಿತ್ತು. ಹಿಂದೆ ಏನೋ ಜಾರಿದ ಸದ್ದಾಯ್ತು. ದಯಾನಂದ ಅವರು ಒಂದು ಹೆಜ್ಜೆ ಮುಂದಿಟ್ಟು ನಿಂತ್ರು. ನಾನು ಬೈತಾನೇ ಇದ್ದೆ. ಗಾಡಿ ಬಾಗಿಲನ್ನ ಅವಳು ಒಳಗಿಂದ ಎಳೆದು ಹಾಕ್ಕೊಳ್ಳೋವರೆಗೂ ಬೈತಾನೇ ಇದ್ದೆ.